ಬಿಟ್ಟ ನೀರು, ಸೆಳೆದ ನೀರು

ಕಿರಿಯ: ಕಾಕಾ, ಬೆಂಗಳೂರಿನ ಕಚೇರಿಗಳಲ್ಲಿ ನೆಲಹಾಸು ತೊಳೆಯುವ ಕೆಲಸದಲ್ಲಿ ಇಷ್ಟು ಕಾಲ ದುಡಿದ ಮೇಲೆ, ಆ ವಿದ್ಯೆಯನ್ನು ನಮ್ಮ ಕೊಂಕಲ್ಲಿಗೇ ತಂದು, ಇಲ್ಲಿಂದ ಯಾದಗಿರಿ, ಶಹಾಪುರ, ಸುರಪುರಗಳ ಫಂಕ್ಷನ್ ಹಾಲುಗಳಿಗೂ ಮಸೀದಿಗಳಿಗೂ ಲಾಡ್ಜುಗಳಿಗೂ ಹೋಗಿ ಕೆಲಸ ಮಾಡಬೇಕೆಂದು ನಿಶ್ಚಯಿಸಿದ್ದೇನೆ. ಯಂತ್ರವನ್ನು ಗೊತ್ತುಮಾಡಿಯಾಗಿದೆ, ಗಾಲಿಗಳ ಮೇಲೆ ತಳ್ಳಿಕೊಂಡು ಹೋಗಬಹುದಾದ, ಬಿಸಿನೀರನ್ನು ಚಿಮ್ಮಿಸಿ ಒಡನೆಯೇ ಹಿಂದಕ್ಕೆ ಹೀರಿಕೊಳ್ಳುವ, ಎರಡು ಹೀರುವ ಮೋಟಾರುಗಳ ಯಂತ್ರ ಅದು. ಇನ್ನು ಉಳಿದಿರುವುದು ಅದಕ್ಕೆ ಜೋಡಿಸಿ ಕೈಯಲ್ಲಿ ಹಿಡಿಯತಕ್ಕ ವ್ಯಾಂಡ್. ನನ್ನ ಒಲವು 2 ಇಂಚಿನ ಕೊಳವೆ, ಹಾಸಿನ ಮೇಲೆ ಎಳೆಯುವ 14 ಇಂಚಿನ ಹೆಡ್, ನೀರು ಚಿಮ್ಮುವ ನಾಲ್ಕು ಜೆಟ್ಟುಗಳಿರುವ ದೊಡ್ಡ ವ್ಯಾಂಡಿನ ಕಡೆಗಿದೆ. ಆದರೂ ಹೈದರಾಬಾದಿನ ಹೋಟೆಲುಗಳಲ್ಲಿ ರತ್ನಗಂಬಳಿಗಳ ಮೇಲ್ವಿಚಾರಣೆಯಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನಿಮ್ಮನ್ನು ಕೇಳದೆ ಹಣ ಕೊಡಲು ಮನಸ್ಸು ಬಾರದು.

ಹಿರಿಯ: ಕೇಳಿದ್ದು ಒಳ್ಳೆಯದಾಯಿತು, ತಮ್ಮಾ. ಯಂತ್ರವನ್ನು ನೋಡಿ ವ್ಯಾಂಡನ್ನು ಆರಿಸುವವರು ಕೆಲವರು, ವ್ಯಾಂಡಿನ ಹೊಳಪನ್ನು ನೋಡಿಯೇ ಆರಿಸುವವರು ಹಲವರು. ಆದರೆ ತೊಳೆಯಬೇಕಾದ ಹಾಸು ಯಾವುದು, ಅದರೊಳಗೆ ಸೇರಿರುವ ಮಣ್ಣು ಯಾವುದು, ತೊಟ್ಟಿಗೆ ತುಂಬುವ ನೀರು ಎಂಥದು ಎಂಬ ಮೂರನ್ನು ಮೊದಲು ವಿಚಾರಿಸಿ, ಆ ಮೇಲೆ ಅಂಗಡಿಯ ಕಡೆಗೆ ತಿರುಗುವವರನ್ನು ನಾನು ಕಂಡದ್ದು ಅಪರೂಪ. ನೀನು ಕೆಲಸ ಮಾಡಿದ ಕಚೇರಿಗಳಲ್ಲಿ ಹಾಸು ಯಾವ ಬಗೆಯದಾಗಿತ್ತು?

ಕಿರಿಯ: ಚೌಕ ಚೌಕವಾಗಿ ಕತ್ತರಿಸಿ ನೆಲಕ್ಕೆ ಅಂಟಿಸಿದ ನೈಲಾನ್ ಹಾಸು. ಕೂದಲು ಗಿಡ್ಡ, ಹಿಂಬದಿ ರಬ್ಬರಿನಂತೆ ಗಟ್ಟಿ. ಎಷ್ಟು ನೀರು ಬಿಟ್ಟರೂ ಕೆಡುತ್ತಿರಲಿಲ್ಲ. ರಾತ್ರಿಯೆಲ್ಲ ಹವಾನಿಯಂತ್ರಣ ನಡೆಯುತ್ತಿದ್ದುದರಿಂದ ಒಣಗುವ ಚಿಂತೆಯೂ ಇರಲಿಲ್ಲ.

ಹಿರಿಯ: ಇಲ್ಲಿ ನಿನಗೆ ಎದುರಾಗುವುದು ಅದಲ್ಲ. ಫಂಕ್ಷನ್ ಹಾಲಿನಲ್ಲಿ ಸೂಜಿಯಿಂದ ಚುಚ್ಚಿ ಒತ್ತಿದ ತೆಳ್ಳನೆಯ ಕೆಂಪು ಮ್ಯಾಟು. ಮಸೀದಿಯಲ್ಲಿ ಸಾಲು ಸಾಲಾಗಿ ಗೋಡೆಯಿಂದ ಗೋಡೆಗೆ ಹಾಸಿದ ಎತ್ತರದ ಕೂದಲಿನ ಗಾಲೀಚಾ, ಅದರ ಹಿಂಬದಿಯಲ್ಲಿ ಬಹುಮಟ್ಟಿಗೆ ಸೆಣಬು. ಮಠಮಂದಿರಗಳಲ್ಲಿ ಹತ್ತಿಯ ಜಮಖಾನ. ಹಳೆಯ ಮನೆತನಗಳಲ್ಲಿ ಎಲ್ಲೋ ಒಂದು ಉಣ್ಣೆಯ ರತ್ನಗಂಬಳಿ. ಎಲ್ಲರ ಮನೆಯಲ್ಲೂ ಕಂಬಳಿ. ಇವೆಲ್ಲಕ್ಕೂ ಒಂದೇ ಹೆಡ್ಡನ್ನು ಎಳೆದಾಡುವುದು ವಿವೇಕವಲ್ಲ. ನವಲಗುಂದದ ಜಮಖಾನವನ್ನು ನೋಡಿದ್ದೀಯಷ್ಟೆ; ಅದರಲ್ಲಿ ಎದ್ದು ನಿಲ್ಲುವ ಕೂದಲೇ ಇಲ್ಲ, ಹಾಸುಹೊಕ್ಕುಗಳೇ ಅದರ ಮೈ. ಅಂಥದನ್ನು ನೆಲದ ಮೇಲಿಟ್ಟು ಒತ್ತಡದ ನೀರಿನಿಂದ ಹೊಡೆಯುವುದಕ್ಕಿಂತ, ಎರಡೂ ಮಗ್ಗುಲು ಧೂಳು ಝಾಡಿಸಿ, ಬಣ್ಣ ಬಿಡುವುದೋ ಇಲ್ಲವೋ ಎಂದು ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆಯೊತ್ತಿ ನೋಡಿ, ತಣ್ಣೀರಿನಲ್ಲಿ ಕೈಯಿಂದಲೇ ಒಗೆಯುವುದು ಲೇಸು. ಕಂಬಳಿಯ ಮಾತಂತೂ ಬೇರೆಯೇ. ನಮ್ಮ ಕುರುಬರು ಅದರ ನೂಲಿಗೆ ಹುಣಸೆಬೀಜದ ಸರಿಯನ್ನು ಕೊಟ್ಟು ನೇಯುತ್ತಾರೆ. ಮಳೆಯ ಹನಿಗೆ ಜಗ್ಗದ ಆ ಬಿರುಸು ಬಹಳ ಮಟ್ಟಿಗೆ ಆ ಸರಿಯಿಂದ ಬಂದುದು. ಬಿಸಿನೀರಿನ ವ್ಯಾಂಡನ್ನು ಅದರ ಮೇಲೆ ಓಡಿಸಿದರೆ ಸರಿಯೆಲ್ಲ ಕರಗಿಹೋಗಿ, ಉಣ್ಣೆ ಮುದುಡಿ, ನೇಕಾರನ ಶ್ರಮ ಒಂದು ಗಳಿಗೆಯಲ್ಲಿ ಹಾಳಾಗುವುದು. ಯಾರು ಎಷ್ಟೇ ಹಣ ಕೊಡುತ್ತೇನೆಂದರೂ ಕಂಬಳಿಯನ್ನು ಯಂತ್ರಕ್ಕೆ ಹಚ್ಚಬೇಡ.

ಕಿರಿಯ: ಅದನ್ನು ಒಪ್ಪುತ್ತೇನೆ. ಆದರೆ ಗಾಲೀಚಾ ಯಾವ ನೂಲಿನದೆಂದು ಕಣ್ಣಿಗೆ ತಿಳಿಯದಿದ್ದರೆ?

ಹಿರಿಯ: ಅಂಚಿನಿಂದ ಒಂದೆರಡು ಎಳೆಗಳನ್ನು ಕಿತ್ತುಕೋ. ಒಂದನ್ನು ನೀರಿನ ಬಟ್ಟಲಿಗೆ ಹಾಕಿ ಬೆರಳಿನಿಂದ ಅದುಮಿ ಬಿಡು. ತೇಲಿ ಮೇಲಕ್ಕೆ ಬಂದರೆ ಪಾಲಿಪ್ರೊಪಿಲೀನ್, ಅದು ನೀರಿಗಿಂತಲೂ ಹಗುರ. ಇನ್ನೊಂದನ್ನು ಕಡ್ಡಿ ಗೀರಿ ಸುಟ್ಟು ನೋಡು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದ ಸುಟ್ಟಂತೆ ಬಂದರೆ ಹತ್ತಿ, ಕರಗಿ ಗುಂಡಾದರೆ ಕೃತಕ ನೂಲು. ಉಣ್ಣೆಯೆಂದು ಗೊತ್ತಾದ ಕೂಡಲೇ ನೀರಿನ ಬಿಸಿಯನ್ನೂ ಒತ್ತಡವನ್ನೂ ಇಳಿಸಬೇಕು, ಕ್ಷಾರವಿರುವ ಸಾಬೂನನ್ನು ದೂರವಿಡಬೇಕು. ಇನ್ನು ನಿಜವಾಗಿ ಪ್ರಾಚೀನವಾದ ಹಾಸು ಎದುರಾದರೆ ಕೈಮುಗಿದು ಹಿಂದಕ್ಕೆ ಬಂದುಬಿಡು. ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿಯವರ ದರ್ಗಾದ ಬಳಿಯಲ್ಲಿ, ಯೂಸುಫ್ ಆದಿಲ್ ಶಾಹನೇ ಮೊದಲಾಗಿ ವಿಜಾಪುರದ ಆದಿ ಸುಲ್ತಾನರು ಮಲಗಿದ್ದಾರೆ. ಆ ವಂಶದ ಕಾಲದ ಅಸರ್ ಮಹಲಿಗೆ ಸೇರಿದ ಗಾಲೀಚಾಗಳು ಇಂದಿಗೂ ಗೋಲಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳ ಮುಂದೆ ನಿಂತು ನೋಡಿದವನಿಗೆ, ಶತಮಾನಗಳನ್ನು ದಾಟಿ ಬಂದ ಉಣ್ಣೆಯೆಂಬುದು ಎಂಥ ಸುಕುಮಾರ ವಸ್ತುವೆಂಬುದು ತಾನಾಗಿಯೇ ತಿಳಿಯುವುದು. ಅಂಥವುಗಳ ಶುಶ್ರೂಷೆ ಸಂರಕ್ಷಣಾಶಾಸ್ತ್ರ ಬಲ್ಲವರದು, ನಮ್ಮದಲ್ಲ.

ಕಿರಿಯ: ಹಾಸಿನ ಮಾತು ತಿಳಿಯಿತು. ಮಣ್ಣನ್ನೇಕೆ ವಿಚಾರಿಸಬೇಕು? ಕೊಳೆಯೆಂದರೆ ಎಲ್ಲೆಲ್ಲಿಯೂ ಕೊಳೆಯೇ ಅಲ್ಲವೆ?

ಹಿರಿಯ: ಅಲ್ಲ. ಕೃಷ್ಣೆ ಭೀಮೆಯರ ಈ ಸೀಮೆಯ ನೆಲ ಬಹುಮಟ್ಟಿಗೆ ಎರೆನೆಲ. ಬೇಸಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಈ ಮಣ್ಣು ನೀರು ತಾಗಿದೊಡನೆ ಉಬ್ಬಿ ಜಿಗುಟಾಗುವುದನ್ನು ಹುಟ್ಟಿದಂದಿನಿಂದ ನೋಡಿದ್ದೀಯೆ. ಅದೇ ಮಣ್ಣು ನುಣ್ಣನೆಯ ಧೂಳಾಗಿ ಗಾಲೀಚಾದ ಬುಡದಲ್ಲಿ ಕುಳಿತಿರುವಾಗ ಅದರ ಮೇಲೆ ನೀರು ಚಿಮ್ಮಿಸಿದರೆ ಏನಾಗಬೇಕು? ಅಲ್ಲಿಯೇ ಕೆಸರಾಗಿ ಬುಡವನ್ನು ಹಿಡಿದುಕೊಳ್ಳುತ್ತದೆ. ಮೇಲ್ಮೈ ಅಂದವಾಗಿ ಕಂಡರೂ, ಒಣಗುತ್ತ ಒಣಗುತ್ತ ತೇವವು ಕೂದಲಿನ ತುದಿಗೆ ಏರುವಾಗ ಕೆಸರನ್ನೂ ತನ್ನೊಡನೆ ಎಳೆದುಕೊಂಡು ಬಂದು, ಎರಡನೆಯ ದಿನ ಮೊದಲಿಗಿಂತ ಕಪ್ಪಾಗಿ ತೋರಿಸುತ್ತದೆ. ಗಿರಾಕಿ ಆಗ ನಿನ್ನನ್ನು ಮೋಸಗಾರನೆಂದು ತಿಳಿದರೆ ಅವನ ತಪ್ಪಲ್ಲ. ಆದುದರಿಂದ ನೀನು ಮೊಟ್ಟಮೊದಲು ಕೊಳ್ಳಬೇಕಾದುದು ನೀರಿನ ವ್ಯಾಂಡೇ ಅಲ್ಲ. ತಿರುಗುವ ಬ್ರಷ್ಷಿರುವ, ಒಣ ಧೂಳನ್ನು ಬಡಿದೆಬ್ಬಿಸಿ ಹೀರುವ ಹೆಡ್. ಮಸೀದಿಯಂಥ ಜನನಿಬಿಡ ಜಾಗದಲ್ಲಿ ಒಂದೇ ಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ನಿಧಾನವಾಗಿ ಎಳೆದು, ಚೀಲಕ್ಕೆ ಧೂಳು ಬೀಳುವುದು ನಿಂತ ಮೇಲೆಯೇ ತೊಟ್ಟಿಗೆ ನೀರು ತುಂಬತಕ್ಕದ್ದು.

ಕಿರಿಯ: ಬೆಂಗಳೂರಿನಲ್ಲಿ ನಾವು ಅದನ್ನು ಹೆಸರಿಗೆ ಮಾತ್ರ ಮಾಡುತ್ತಿದ್ದೆವು. ಈಗ ನೀರಿನ ವ್ಯಾಂಡಿಗೆ ಬನ್ನಿ, ಕಾಕಾ. ದೊಡ್ಡ ಕೊಳವೆಯೆಂದರೆ ಹೆಚ್ಚು ಗಾಳಿ, ಹೆಚ್ಚು ಗಾಳಿಯೆಂದರೆ ಹೆಚ್ಚು ಹೀರುವಿಕೆ ಎಂದು ಅಂಗಡಿಯವರು ಹೇಳುತ್ತಾರೆ.

ಹಿರಿಯ: ಅರ್ಧ ನಿಜ. ಆ ಗಾಳಿಯನ್ನು ಒದಗಿಸುವ ಶಕ್ತಿ ಮೋಟಾರಿನಲ್ಲಿದ್ದರೆ ಮಾತ್ರ ಅದು ಪೂರ್ಣ ನಿಜವಾಗುವುದು. 1.5 ಇಂಚಿನ ಕೊಳವೆಯ ಬಾಯಿಗಿಂತ 2 ಇಂಚಿನದರ ಬಾಯಿ ಸುಮಾರು ಒಂದೂ ಮುಕ್ಕಾಲು ಪಟ್ಟು ವಿಶಾಲ. ಮೋಟಾರು ಸೆಳೆಯುವ ಗಾಳಿಯ ಪ್ರಮಾಣ ಅಷ್ಟೇ ಆಗಿದ್ದರೆ ಆ ವಿಶಾಲವಾದ ಕೊಳವೆಯೊಳಗೆ ಗಾಳಿಯ ವೇಗ ಅರ್ಧಕ್ಕೆ ಸಮೀಪವಾಗಿ ಇಳಿಯುತ್ತದೆ. ನೀರನ್ನು ನೆಲದಿಂದ ನಿನ್ನ ಸೊಂಟದ ಎತ್ತರಕ್ಕೆ ಎತ್ತಿ, ಅಲ್ಲಿಂದ ಹೋಸಿನ ಉದ್ದಕ್ಕೂ ತೊಟ್ಟಿಯವರೆಗೆ ಹೊತ್ತುಕೊಂಡು ಹೋಗುವುದು ಆ ವೇಗ. ವೇಗ ಇಳಿದರೆ ಹನಿಗಳು ಕೊಳವೆಯ ಬಾಗಿನಲ್ಲಿಯೇ ತಂಗಿ, ಸೆಳೆತ ನಿಂತ ಕ್ಷಣದಲ್ಲಿ ಮರಳಿ ಹಾಸಿನ ಮೇಲೆಯೇ ಸುರಿಯುತ್ತವೆ. ಲಾರಿಯ ಮೇಲೆ ಕೂಡಿಸಿದ ದೊಡ್ಡ ಯಂತ್ರಗಳಿಗೆ 2 ಇಂಚಿನದು ಯುಕ್ತ, ಅವುಗಳ ಉಸಿರು ದೊಡ್ಡದು. ನಿನ್ನ ಯಂತ್ರದ ಹೋಸ್ ಎಷ್ಟು ಇಂಚಿನದು?

ಕಿರಿಯ: ಒಂದೂವರೆ.

ಹಿರಿಯ: ಹಾಗಾದರೆ ಮಾತೇ ಮುಗಿಯಿತು. ಹೋಸಿನ ಕಿರಿದಾದ ಕಂಠದಲ್ಲಿ ಹಾಯಬೇಕಾದ ಗಾಳಿಗೆ ವ್ಯಾಂಡಿನಲ್ಲಿ ಹೆದ್ದಾರಿ ಮಾಡಿಕೊಟ್ಟು ಏನು ಫಲ? 1.5 ಇಂಚಿನ ಕೊಳವೆಯನ್ನೇ ತೆಗೆದುಕೋ. ಹೆಡ್ಡು 14 ಇಂಚಿನದು ಬೇಡ, 12 ಇಂಚಿನದು ಸಾಕು. ಒಂದೇ ಉಸಿರನ್ನು ಉದ್ದವಾದ ಸೀಳಿನಲ್ಲಿ ಹಂಚಿದಷ್ಟೂ ಪ್ರತಿ ಇಂಚಿಗೂ ಸಿಗುವ ಪಾಲು ಕಡಿಮೆಯಾಗುತ್ತದೆ. ಅಗಲವಾದ ಹೆಡ್ಡಿನಿಂದ ಕೆಲಸ ಬೇಗ ಮುಗಿದಂತೆ ತೋರುವುದು. ಆದರೆ ಒದ್ದೆ ಉಳಿದ ಹಾಸಿನ ಮೇಲೆ ಮರಳಿ ಮರಳಿ ಎಳೆಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿದರೆ ಆ ಲಾಭ ಉಳಿಯದು. ಹೋಸನ್ನೂ ಅಗತ್ಯಕ್ಕಿಂತ ಉದ್ದ ಹಚ್ಚಬೇಡ, ಗೇಣು ಗೇಣಿಗೂ ಸೆಳೆತ ಕುಗ್ಗುತ್ತದೆ.

ಕಿರಿಯ: ಜೆಟ್ಟುಗಳು ನಾಲ್ಕಿದ್ದರೆ ನೀರು ಸಮನಾಗಿ ಬೀಳುತ್ತದೆ, ಪಟ್ಟೆ ಉಳಿಯುವುದಿಲ್ಲ. ಅದನ್ನು ನಾನೇ ನೋಡಿದ್ದೇನೆ.

ಹಿರಿಯ: ನೀನು ನೋಡಿದ್ದು ಸರಿ. ಅಲ್ಲಗಳೆಯುವುದಿಲ್ಲ. ಆದರೆ ಜೆಟ್ಟಿನ ತಲೆಯ ಮೇಲೆ ಕೊರೆದ ಅಂಕಿಗಳನ್ನು ಓದಿದ್ದೀಯಾ? 11002 ಎಂದಿದ್ದರೆ ಮೊದಲ ಮೂರು ಅಂಕಿಗಳು ನೀರು ಬೀಸಣಿಗೆಯಂತೆ ಹರಡುವ ಕೋನ, 110 ಡಿಗ್ರಿ. ಕೊನೆಯ ಎರಡು ಅಂಕಿಗಳು 40 ಪಿ.ಎಸ್.ಐ. ಒತ್ತಡದಲ್ಲಿ ನಿಮಿಷಕ್ಕೆ ಹಾಯುವ ನೀರು, 0.2 ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು ಮುಕ್ಕಾಲು ಲೀಟರು. ಒತ್ತಡವನ್ನು ನಾಲ್ಕು ಪಟ್ಟು ಏರಿಸಿದರೆ ನೀರು ಎರಡು ಪಟ್ಟು ಮಾತ್ರ ಏರುತ್ತದೆ. ಹಾಗಾಗಿ 160 ಪಿ.ಎಸ್.ಐ.ಯಲ್ಲಿ ಅಂಥ ಒಂದು ಜೆಟ್ಟಿಗೆ ಒಂದೂವರೆ ಲೀಟರು. ಎರಡು ಜೆಟ್ಟಿಗೆ 3 ಲೀಟರು, ನಾಲ್ಕಕ್ಕೆ 6. ನಿನ್ನ ತೊಟ್ಟಿ ಎಷ್ಟು ಹಿಡಿಯುತ್ತದೆ?

ಕಿರಿಯ: 45 ಲೀಟರು.

ಹಿರಿಯ: ನಾಲ್ಕು ಜೆಟ್ಟುಗಳಿದ್ದು, ನೀರು ಬಿಡುವ ಗುಂಡಿಯನ್ನು ಒತ್ತಿ ಹಿಡಿದರೆ ಏಳೆಂಟು ನಿಮಿಷಕ್ಕೆ ಬರಿದು. ಅದಕ್ಕಿಂತಲೂ ಮುಖ್ಯವಾದುದು, ಪಂಪು ಅಷ್ಟು ನೀರನ್ನು ಒದಗಿಸಲಾರದೆ ಒತ್ತಡ ಕುಸಿದು, ನೀರು ಚಿಮ್ಮುವ ಬದಲು ಜಾರುವುದು. ಹೀರುವ ಮೋಟಾರುಗಳು ಆ ಪ್ರವಾಹವನ್ನು ಹಿಂದಕ್ಕೆ ಸೆಳೆಯಲಾರದೆ ಸೆಣಬಿನ ಹಿಂಬದಿ ನೆನೆಯುವುದು. ಸೆಣಬು ನೆನೆದು ನಿಧಾನವಾಗಿ ಒಣಗಿದರೆ ಕಂದು ಬಣ್ಣ ಕೂದಲಿಗೆ ಏರುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ಈ ಕಸುಬಿನಲ್ಲಿ ನಾನು ಕಲಿತುದರ ಸಾರ ಒಂದೇ, ತಮ್ಮಾ: ನೀರು ಬಿಡಲು ಎಲ್ಲರೂ ಬಲ್ಲರು, ಬಿಟ್ಟ ನೀರನ್ನು ಮರಳಿ ಪಡೆಯುವುದೇ ಕೆಲಸ. ಕೊಳೆ ಹೊರಗೆ ಬರುವುದು ಹಿಂದಿರುಗಿದ ನೀರಿನೊಡನೆಯೇ ಹೊರತು ಒಳಗುಳಿದ ನೀರಿನೊಡನೆ ಅಲ್ಲ. ವ್ಯಾಂಡಿನ ಯೋಗ್ಯತೆಯನ್ನು ಅದು ಎಷ್ಟು ಚಿಮ್ಮಿಸಿತೆಂಬುದರಿಂದಲ್ಲ, ಎಷ್ಟನ್ನು ಹಿಂದಕ್ಕೆ ತಂದಿತೆಂಬುದರಿಂದ ಅಳೆಯಬೇಕು. ಇಂಗ್ಲೆಂಡಿನ ಎಂಜಿನಿಯರು ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಹೀರುವ ಯಂತ್ರವನ್ನು ರೂಪಿಸಿದ್ದೂ ಇಂಥ ಒಂದು ವಿಚಾರದಿಂದಲೇ. ಅವನ ಕಣ್ಣೆದುರಿಗೆ ಧೂಳನ್ನು ಗಾಳಿಯಿಂದ ಊದಿ ಎಬ್ಬಿಸುವ ಯಂತ್ರವೊಂದನ್ನು ಪ್ರದರ್ಶಿಸಿದಾಗ, ಊದುವ ಬದಲು ಸೆಳೆದರೇನೆಂದು ಅವನು ಕೇಳಿದನಂತೆ. ಮರುವರ್ಷ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಶುಚಿಗೊಳಿಸಿದ್ದು ಅವನ ಯಂತ್ರವೇ.

ಕಿರಿಯ: ಆದರೆ ನಾಲ್ಕು ಜೆಟ್ಟುಗಳನ್ನೇ ಇಟ್ಟು, ಒಂದೊಂದನ್ನೂ 11001ರಷ್ಟು ಸಣ್ಣದು ಮಾಡಿಕೊಂಡರೆ ಒಟ್ಟು ನೀರು ಎರಡು ಜೆಟ್ಟಿನಷ್ಟೇ ಆಯಿತು, ಸಮನಾಗಿಯೂ ಬಿದ್ದಿತು. ಅದರಲ್ಲಿ ದೋಷವೇನು?

ಹಿರಿಯ: ಒಳ್ಳೆಯ ಪ್ರಶ್ನೆ. ಬೆಂಗಳೂರಿನಲ್ಲಿ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನು. ಇಲ್ಲಿ ಅಡ್ಡ ಬರುವುದು ನೀರು. ತೊಗರಿಬೇಳೆ ಬೇಯಲೊಲ್ಲದ, ಸಾಬೂನು ನೊರೆಗಟ್ಟದ, ಕಾಯಿಸಿದ ಪಾತ್ರೆಗೆ ಬಿಳಿಯ ಹಕ್ಕಳೆ ಹಿಡಿಸುವ ಬೋರಿನ ನೀರು ನಮ್ಮ ಸೀಮೆಯಲ್ಲಿ ಎಷ್ಟು ಊರುಗಳಲ್ಲಿಲ್ಲ? ಪಾತ್ರೆಗೆ ಹಿಡಿಯುವ ಸುಣ್ಣವೇ ಜೆಟ್ಟಿನ ಸೂಜಿಮೊನೆಯಂಥ ರಂಧ್ರದಲ್ಲಿಯೂ ಹಿಡಿಯುತ್ತದೆ. ರಂಧ್ರ ಸಣ್ಣದಾದಷ್ಟೂ ಬೇಗ ಮುಚ್ಚುತ್ತದೆ. ನಾಲ್ಕರಲ್ಲಿ ಒಂದು ಕಟ್ಟಿದರೂ ಹಾಸಿನ ಮೇಲೆ ಉದ್ದಕ್ಕೂ ಒಣ ಪಟ್ಟೆ. ಅದರಿಂದ ದೊಡ್ಡ ರಂಧ್ರದ ಎರಡು ಜೆಟ್ಟು ನಿನಗೆ ಹಿತ. ಶಹಾಪುರದ ಕಡೆ ಬಸವಸಾಗರದ ಕಾಲುವೆಯ ನೀರು ದೊರೆತಲ್ಲಿ ಸುಣ್ಣದ ಕಾಟ ಕಡಿಮೆ, ಆದರೆ ಅದರಲ್ಲಿ ಹೂಳಿರುತ್ತದೆ. ಬಟ್ಟೆಯಲ್ಲಿ ಸೋಸಿ ತುಂಬು, ವ್ಯಾಂಡಿನ ಗುಂಡಿಗೆ ಮುಂಚೆ ಒಂದು ಸಣ್ಣ ಜಾಲರಿಯನ್ನು ಕೂಡಿಸು. ಜೆಟ್ಟು ಕಟ್ಟಿತೆಂದು ಪಿನ್ನಿನಿಂದ ಚುಚ್ಚಬೇಡ. ರಂಧ್ರದ ಅಂಚು ಕೆಟ್ಟರೆ ಬೀಸಣಿಗೆ ಎಂದೆಂದಿಗೂ ಸೊಟ್ಟ. ಬಿಚ್ಚಿ, ರಾತ್ರಿಯೆಲ್ಲ ನಿಂಬೆಹುಳಿಯ ಉಪ್ಪಿನ ನೀರಿನಲ್ಲಿ ನೆನೆಯಿಟ್ಟರೆ ಸುಣ್ಣ ತಾನಾಗಿಯೇ ಬಿಡುತ್ತದೆ.

ಕಿರಿಯ: ಹೆಡ್ಡಿನ ತುಟಿಗೆ ಟೆಫ್ಲಾನಿನ ಗ್ಲೈಡ್ ಹಾಕಿಸಬೇಕೇ? ಬೆಲೆ ಸ್ವಲ್ಪ ಹೆಚ್ಚೇ ಹೇಳುತ್ತಿದ್ದಾರೆ.

ಹಿರಿಯ: ಅದರಲ್ಲಿ ಜಿಪುಣತನ ಬೇಡ. ಉಕ್ಕಿನ ತುಟಿ ಕೂದಲಿನ ಮೇಲೆ ಉಜ್ಜುತ್ತ ಬರುವಾಗ ತೋಳಿಗೂ ಬೆನ್ನಿಗೂ ಬೀಳುವ ಭಾರವನ್ನು ಗ್ಲೈಡ್ ಬಹಳಷ್ಟು ಇಳಿಸುತ್ತದೆ. ನುಣುಪಾಗಿ ಜಾರುವುದರಿಂದ ಕೈ ಅವಸರಪಡದೆ ನಿಧಾನವಾಗಿ ಎಳೆಯುತ್ತದೆ, ನಿಧಾನವಾದಷ್ಟೂ ನೀರು ಹೆಚ್ಚು ಹಿಂದಿರುಗುತ್ತದೆ. ಬರಿಯ ಉಕ್ಕಿನ ತುಟಿಯನ್ನೇ ಬಳಸುವುದಾದರೆ ದಿನಾ ಕೆಲಸಕ್ಕೆ ಮುಂಚೆ ಒಂದು ಚಿಟಿಕೆ ಹತ್ತಿಯನ್ನು ಅದರ ಅಂಚಿನುದ್ದಕ್ಕೂ ಸವರು. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳೆದ್ದಿದೆಯೆಂದು ಅರ್ಥ; ಆ ಮುಳ್ಳು ಕುಣಿಕೆನೂಲಿನ ಹಾಸಿನ ಒಂದು ಕುಣಿಕೆಯನ್ನು ಹಿಡಿದರೆ ಸಾಲೇ ಬಿಚ್ಚಿಬರುವುದು.

ಕಿರಿಯ: ನನ್ನ ತಂಗಿಯೂ ಈ ಕೆಲಸಕ್ಕೆ ಬರುವವಳಿದ್ದಾಳೆ. ಅವಳು ನನಗಿಂತ ಗಿಡ್ಡ.

ಹಿರಿಯ: ಹಾಗಿದ್ದರೆ ನಡುವಣ ಹಿಡಿಯನ್ನು ಮೇಲಕ್ಕೂ ಕೆಳಕ್ಕೂ ಸರಿಸಲು ಬರುವಂಥದನ್ನೇ ಹುಡುಕು, ಎರಡು ಬಾಗಿನ ಕೊಳವೆಯಿರಲಿ, ಭಾರವಾದ ಉಕ್ಕಿಗಿಂತ ಅಲ್ಯೂಮಿನಿಯಮ್ ಇರಲಿ. ಬಾಗಿ ದುಡಿಯುವ ಬೆನ್ನಿಗೆ ಕಬ್ಬಿಣದ ದೀರ್ಘಾಯುಸ್ಸಿನಿಂದ ಏನೂ ಉಪಕಾರವಿಲ್ಲ. ಹೆಡ್ಡಿನ ಮೇಲೆ ಒಂದು ಗಾಜಿನ ಕಿಂಡಿಯಿರುವುದನ್ನು ಕೇಳಿ ತರಿಸು. ಹಿಂದಿರುಗುವ ನೀರಿನ ಬಣ್ಣ ಅದರಲ್ಲಿ ಕಾಣುತ್ತದೆ. ನೀರು ತಿಳಿಯಾಗುವವರೆಗೆ ತೊಳೆ, ಕಿಂಡಿಯಲ್ಲಿ ಹನಿ ಕಾಣದಾಗುವವರೆಗೆ ಬರಿಯ ಹೀರುವಿಕೆಯಿಂದ ಎಳೆ. ಇಷ್ಟು ದೊಡ್ಡ ವ್ಯಾಂಡಿನ ಮಾತು. ಇನ್ನು 4 ಇಂಚಿನ ಸಣ್ಣ ಕೈಸಾಧನ ಮೊದಲಿಗೆ ಬೇಕಾಗಲಾರದು, ಅದನ್ನು ಮುಂದೆ ನೋಡಿಕೊಳ್ಳಬಹುದು.

ಕಿರಿಯ: ಅಲ್ಲಿ ನಿಮ್ಮ ಮಾತಿಗೆ ನಾನು ಒಡಂಬಡಲಾರೆ, ಕಾಕಾ. ನೀವು ಕಂಡ ಹೋಟೆಲುಗಳಲ್ಲಿ ನೆಲದ ಹಾಸೇ ಪ್ರಧಾನವಾಗಿದ್ದಿರಬಹುದು. ಇಂದಿನ ಫಂಕ್ಷನ್ ಹಾಲುಗಳಲ್ಲಿ ವೇದಿಕೆಯ ಮೇಲಿನ ಮಖಮಲ್ಲಿನ ಸೋಫಾ, ಮದುಮಕ್ಕಳ ಸಿಂಹಾಸನದಂಥ ಕುರ್ಚಿ, ಮೆಟ್ಟಿಲ ಮೇಲಿನ ಹಾಸು, ಇವೆಲ್ಲ ಸಣ್ಣ ಸಾಧನಕ್ಕೇ ಸಿಗುವಂಥವು. ಮೇಲಾಗಿ ಅರಿಶಿನದ ಕಲೆ. ಬೆರಳಗಲದ ಕಲೆಯ ಮೇಲೆ 12 ಇಂಚಿನ ಹೆಡ್ಡನ್ನು ಓಡಿಸಿದರೆ ಅದು ಮೊಳದಗಲಕ್ಕೆ ಹರಡುವುದಿಲ್ಲವೆ?

ಹಿರಿಯ: ಹೌದು, ಅದು ನಿಜ. ಕಲೆಗೆ ಸಣ್ಣ ಹೆಡ್ಡೇ ಬೇಕು, ಅದೂ ನೀರು ಹೊರಗೆ ಚಿಮ್ಮದೆ ಒಳಗಡೆಯೇ ಬೀಳುವಂಥದು. ಮಖಮಲ್ಲಿಗೂ ಅದೇ ಸರಿ. ನಿನ್ನ ಪಟ್ಟಿಯಲ್ಲಿ ಅದನ್ನು ಸೇರಿಸು. ಅರಿಶಿನದ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುವೆನು: ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಸೇರಿದೊಡನೆ ಓಕುಳಿ ಕೆಂಪಾಗುವುದಷ್ಟೆ, ಹಾಸಿನ ಮೇಲಿನ ಅರಿಶಿನಕ್ಕೆ ನಿನ್ನ ಕ್ಷಾರದ ಸಾಬೂನು ತಾಗಿದರೆ ಆಗುವುದೂ ಅದೇ. ಹಳದಿ ಕಲೆ ಕೆಂಪಾಯಿತೆಂದು ಗಾಬರಿಯಾಗಿ ಮತ್ತಷ್ಟು ಸಾಬೂನು ಸುರಿದವರನ್ನು ಬಲ್ಲೆನು. ನಿಂಬೆಹುಳಿಯ ತೆಳು ನೀರಿನಿಂದ ಕೆಂಪು ಇಳಿದು ಹಳದಿಗೆ ಮರಳುತ್ತದೆ. ಆ ಮೇಲೆ ಕಡಿಮೆ ಒತ್ತಡದ ನೀರಿನಿಂದ ಹೀರಿ ತೆಗೆ. ತೆಗೆದು ಹೊರಗೆ ಒಯ್ಯಬಹುದಾದ ಮ್ಯಾಟಾದರೆ ಉಳಿದದ್ದನ್ನು ಬಿಸಿಲಿಗೆ ಬಿಡು. ಅರಿಶಿನದ ಬಣ್ಣ ಸೂರ್ಯನ ಮುಂದೆ ಬಹಳ ಕಾಲ ನಿಲ್ಲದು, ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ಕಿರಿಯ: ಮೊದಲ ಕೆಲಸ ಶಹಾಪುರದ ಒಂದು ಮಸೀದಿಯಲ್ಲಿ ಸಿಗುವಂತಿದೆ. ದಿನಕ್ಕೆ ಐದು ಹೊತ್ತು ನಮಾಜು, ನಡುವೆ ಬಿಡುವೆಲ್ಲಿ?

ಹಿರಿಯ: ರಾತ್ರಿಯ ಇಶಾ ನಮಾಜು ಮುಗಿದ ಮೇಲೆ ಬೆಳಗಿನ ಜಾವದ ಫಜ್ರಿನವರೆಗೆ ಇರುವುದೇ ನಿನ್ನ ಬಿಡುವು. ಒಣ ಧೂಳು ತೆಗೆಯುವ ಕೆಲಸವನ್ನು ಅದಕ್ಕೆ ಮುಂಚೆಯೇ, ಹಗಲಿನ ನಮಾಜುಗಳ ನಡುವಣ ಹೊತ್ತಿನಲ್ಲಿ, ಅವರ ಅಪ್ಪಣೆ ಪಡೆದು ಮುಗಿಸಿಟ್ಟುಕೋ. ಇಡೀ ಸಭಾಂಗಣವನ್ನು ಒಂದೇ ರಾತ್ರಿಗೆ ಹಿಡಿಯಬೇಡ. ಬೆಳಗಾಗುವುದರೊಳಗೆ ಒಣಗುವಷ್ಟು ಸಾಲುಗಳನ್ನು ಮಾತ್ರ ಹಿಡಿ. ಹಣೆಯೂರುವ ಜಾಗವದು, ಅಂಗೈಯಿಟ್ಟರೆ ತಣ್ಣನೆ ತೇವ ಹತ್ತಬಾರದು. ಮಿಹರಾಬಿನ ಗೋಡೆಯಿಂದ ಮೊದಲುಮಾಡಿ ಬಾಗಿಲಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತ ಬಾ. ತೊಳೆದುದರ ಮೇಲೆ ನಿನ್ನ ಕಾಲು ಬೀಳಬಾರದು. ಎಳೆದುಕೊಳ್ಳುವಾಗ ನೀರು ಬಿಡು, ಎಳೆತದ ಕೊನೆಗೆ ಗೇಣು ಮುಂಚೆ ಗುಂಡಿಯನ್ನು ಸಡಿಲಿಸು, ಅದೇ ಜಾಡಿನಲ್ಲಿ ಎರಡು ಸಲ ಒಣ ಎಳೆತ ಹಾಕು. ಕೊನೆಯ ಎಳೆತ ಕೂದಲು ಮಲಗಿರುವ ದಿಕ್ಕಿನಲ್ಲಿರಲಿ. ಫ್ಯಾನುಗಳನ್ನೆಲ್ಲ ಹಾಕಿ ಕಿಟಕಿಗಳನ್ನು ತೆರೆದಿಡು. ಎರಡು ಮೋಟಾರು, ಪಂಪು, ನೀರು ಕಾಯಿಸುವ ಹೀಟರು ಇವೆಲ್ಲ ಒಂದೇ ಸಾಕೆಟ್ಟಿನ ಮೇಲೆ ಬಿದ್ದರೆ ಹಳೆಯ ವಯರಿಂಗು ತಾಳದು. ಬೇರೆ ಬೇರೆ ಸರ್ಕ್ಯೂಟಿನಿಂದ ತೆಗೆದುಕೋ, ಅರ್ಥಿಂಗು ಇದೆಯೆಂದು ಖಾತ್ರಿಮಾಡಿಕೊಳ್ಳದೆ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡ.

ಕಿರಿಯ: ಹಾಗಾದರೆ ಅಂಗಡಿಯವರಿಗೆ ಇಂದೇ ಹೇಳಿಕಳಿಸುತ್ತೇನೆ: ತಿರುಗುವ ಬ್ರಷ್ಷಿನ ಒಣ ಹೆಡ್, 1.5 ಇಂಚಿನ ಕೊಳವೆ, 12 ಇಂಚಿನ ಹೆಡ್, ಎರಡು 11002 ಜೆಟ್, ಗ್ಲೈಡ್, ಗಾಜಿನ ಕಿಂಡಿ. 4 ಇಂಚಿನ ಕೈಸಾಧನ. 2 ಇಂಚಿನದು ಬೇಡ.

ಹಿರಿಯ: ಹೇಳುವಾಗಲೇ ಜೆಟ್ಟುಗಳನ್ನು ಎರಡು ಜೊತೆ ಹೆಚ್ಚಿಗೆ, ಗ್ಲೈಡ್ ಒಂದು ಹೆಚ್ಚಿಗೆ, ಗುಂಡಿಯ ಕವಾಟಕ್ಕೆ ಬೇಕಾಗುವ ರಬ್ಬರ್ ರಿಂಗುಗಳು ಒಂದು ಹಿಡಿ ಕಳುಹಿಸೆಂದು ಹೇಳು. ಆ ರಿಂಗು ಸವೆದರೆ ಗುಂಡಿ ಬಿಟ್ಟ ಮೇಲೂ ಹನಿ ನಿಲ್ಲುವುದಿಲ್ಲ, ಹನಿ ಬಿದ್ದ ಕಡೆಯೆಲ್ಲ ಮರುದಿನ ಗುರುತು. ಮದುವೆಯ ಹಂಗಾಮಿನ ನಡುವೆ ಅಷ್ಟು ಸಣ್ಣದಕ್ಕಾಗಿ ನೀನು ಹೈದರಾಬಾದಿನ ರೈಲು ಹತ್ತುವಂತಾಗಬಾರದು.